ರ‍್ಯಾಕಿನ ಬೆನ್ನಿಗಿರುವ ಸ್ವಿಚ್ಚು

ಬೆಂಗಳೂರಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುವವರಲ್ಲಿ ಬಹಳ ಮಂದಿ ಆ ಸರ್ವರನ್ನು ಒಮ್ಮೆಯೂ ಕಣ್ಣಾರೆ ಕಂಡಿರುವುದಿಲ್ಲ. ಅದು ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರಬಹುದು, ಫ್ರಾಂಕ್‌ಫರ್ಟ್‌ನಲ್ಲಿರಬಹುದು, ಇಲ್ಲವೇ ಇಲ್ಲೇ ಯಾವುದೋ ಶಾಖಾ ಕಚೇರಿಯ ಬೀಗ ಹಾಕಿದ ಕೋಣೆಯಲ್ಲಿರಬಹುದು. ಯಂತ್ರ ನಡೆಯುತ್ತಿರುವ ತನಕ ದೂರ ಲೆಕ್ಕಕ್ಕೆ ಬರುವುದಿಲ್ಲ. ಪಿಂಗ್‌ಗೂ ಉತ್ತರವಿಲ್ಲದೆ, ಕನ್ಸೋಲಿನಲ್ಲೂ ಒಂದಕ್ಷರ ಮೂಡದೆ ಅದು ನಿಂತುಬಿಟ್ಟಿತೋ, ತೊಂದರೆ ಶುರು. ಅಲ್ಲಿಯ ಡೇಟಾ ಸೆಂಟರಿನವರಿಗೆ ಟಿಕೆಟ್ ಹಾಕಬೇಕು, ರಿಮೋಟ್ ಹ್ಯಾಂಡ್ಸ್ ಶುಲ್ಕಕ್ಕೆ ಒಪ್ಪಬೇಕು, ಯಾರೋ ಬಂದು ಸರಿಯಾದ ರ‍್ಯಾಕನ್ನು, ಸರಿಯಾದ ಯಂತ್ರವನ್ನು ಹುಡುಕಿ ವೈರು ಕಿತ್ತು ಮತ್ತೆ ಚುಚ್ಚುವವರೆಗೆ ಕಾಯಬೇಕು. ಆ ಕೈಕೆಲಸವನ್ನು ನೆಟ್‌ವರ್ಕ್ ಮೂಲಕ ಮಾಡಿಸುವುದಕ್ಕೆಂದೇ ಇರುವುದು ಸ್ವಿಚ್ಡ್ ಪಿಡಿಯು. ನೋಡಲು ರ‍್ಯಾಕಿನ ಹಿಂಬದಿಗೆ ಕೂರುವ ಪವರ್ ಸ್ಟ್ರಿಪ್ಪು, ಅಂದರೆ ವಿದ್ಯುತ್ ಹಂಚುವ ಪಟ್ಟಿ. ಒಳಗೆ ಪ್ರತಿ ಔಟ್‌ಲೆಟ್ಟಿಗೆ ಒಂದು ರಿಲೇ, ಅಷ್ಟಕ್ಕೂ ಸೇರಿ ಒಂದು ಪುಟ್ಟ ಕಂಪ್ಯೂಟರು, ಒಂದು ಈಥರ್ನೆಟ್ ಪೋರ್ಟು.

ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಔಟ್‌ಲೆಟ್ ಎಷ್ಟು, ಆಂಪಿಯರ್ ಎಷ್ಟು, ಬೆಲೆ ಎಷ್ಟು ಎಂದು ಮೂರು ಸಾಲು ಬರೆದು ಕೊಟೇಶನ್ ತರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅವಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಎರಡು. ಬೇರೆಲ್ಲ ದಾರಿಯೂ ಮುಚ್ಚಿದಾಗ ಈ ಪಟ್ಟಿ ನನ್ನ ಮಾತು ಕೇಳುತ್ತದೆಯೆ? ಈ ಪಟ್ಟಿಯ ಬುದ್ಧಿಯೇ ಕೆಟ್ಟು ನಿಂತಾಗ ಸರ್ವರ್‌ಗಳಿಗೆ ಕರೆಂಟು ಹೋಗದೆ ಉಳಿಯುತ್ತದೆಯೆ? ಮಾರಾಟಗಾರರ ಕರಪತ್ರಗಳಲ್ಲಿ ಈ ಎರಡಕ್ಕೂ ನೇರ ಉತ್ತರ ಸಿಗುವುದು ಅಪರೂಪ. ಹಾಗಾಗಿ ಕೊಳ್ಳುವವರೇ ಕೆದಕಿ ತಿಳಿದುಕೊಳ್ಳಬೇಕು.

ಅದಕ್ಕೂ ಮೊದಲು, ನಿಜಕ್ಕೂ ಇದು ಬೇಕೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಈಗಿನ ಯಾವ ಒಳ್ಳೆಯ ಸರ್ವರಿನ ಮದರ್‌ಬೋರ್ಡಿನಲ್ಲಾದರೂ ಬಿಎಂಸಿ ಎಂಬ ಪ್ರತ್ಯೇಕ ಚಿಪ್ಪಿರುತ್ತದೆ. ಡೆಲ್‌ನವರು ಐಡ್ರ್ಯಾಕ್ ಎನ್ನುತ್ತಾರೆ, ಎಚ್‌ಪಿಇಯವರು ಐಎಲ್‌ಒ ಎನ್ನುತ್ತಾರೆ. ಇಂಟೆಲ್, ಎಚ್‌ಪಿ, ಎನ್‌ಇಸಿ, ಡೆಲ್ ಸೇರಿ 1998ರಲ್ಲಿ ಹೊರತಂದ ಐಪಿಎಂಐ ಮಾನದಂಡದ ಮೂಲಕವೋ, ಡಿಎಂಟಿಎಫ್ 2015ರಲ್ಲಿ ಪ್ರಕಟಿಸಿದ ರೆಡ್‌ಫಿಶ್ ಮೂಲಕವೋ ಆ ಚಿಪ್ಪಿಗೆ ಹೇಳಿದರೆ ಅದೇ ಯಂತ್ರವನ್ನು ಆರಿಸಿ ಹೊತ್ತಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಸತ್ತಿದ್ದರೂ ಅದು ಎಚ್ಚರವಿರುತ್ತದೆ. ಒಂದೇ ಮಾದರಿಯ ಹೊಸ ಸರ್ವರ್‌ಗಳೇ ತುಂಬಿದ, ಸಿಬ್ಬಂದಿ ಹಗಲೂ ರಾತ್ರಿ ಇರುವ ಡೇಟಾ ಸೆಂಟರಿನ ರ‍್ಯಾಕಿಗೆ ಪ್ರತಿ ಔಟ್‌ಲೆಟ್ಟಿನಲ್ಲೂ ರಿಲೇ ಇರುವ ಪಟ್ಟಿ ಬೇಕೇ ಬೇಕೆಂದು ನನಗೆ ಅನ್ನಿಸುವುದಿಲ್ಲ. ಅಲ್ಲಿ ಪ್ರತಿ ಔಟ್‌ಲೆಟ್ಟಿನ ಬಳಕೆ ಅಳೆದು ಹೇಳುವ ಪಟ್ಟಿಯಿಂದ ಹೆಚ್ಚು ಉಪಯೋಗವಿದೆ.

ರಿಲೇ ಅನಿವಾರ್ಯವಾಗುವ ಜಾಗಗಳು ಬೇರೆ. ಬಿಎಂಸಿಯೇ ಹೆಪ್ಪುಗಟ್ಟಿ ಕೂರುವುದುಂಟು. ಯಂತ್ರ ಆರಿದ್ದರೂ ಸ್ಟ್ಯಾಂಡ್‌ಬೈ ವಿದ್ಯುತ್ತು ಅದಕ್ಕೆ ಹರಿಯುತ್ತಲೇ ಇರುವುದರಿಂದ, ವೈರು ಕೀಳದೆ ಅದು ರೀಸೆಟ್ ಆಗುವುದಿಲ್ಲ. ಇನ್ನು ನೆಟ್‌ವರ್ಕ್ ಸ್ವಿಚ್ಚು, ಸಣ್ಣ ಫೈರ್‌ವಾಲು, ಮೋಡೆಮ್ಮು, ಡಿಸ್ಕ್ ಶೆಲ್ಫು ಇವಕ್ಕೆಲ್ಲ ಸಾಮಾನ್ಯವಾಗಿ ಬಿಎಂಸಿ ಇರುವುದಿಲ್ಲ. ಎಂಬೆಡೆಡ್ ಬೋರ್ಡುಗಳ ಪರೀಕ್ಷಾ ಲ್ಯಾಬುಗಳಲ್ಲಂತೂ ಇದಿಲ್ಲದೆ ದಿನವೇ ಸಾಗದು. ಹೊಸ ಕರ್ನಲ್ ತುಂಬು, ಕರೆಂಟು ತೆಗೆ, ಕೊಡು, ಬೂಟ್ ಆಯಿತೇ ನೋಡು ಎಂಬ ಚಕ್ರ ಅಲ್ಲಿ ಮನುಷ್ಯರ ಕೈ ಸೋಕದೆ ತಿರುಗುತ್ತದೆ. ಬೋರ್ಡುಗಳ ಸ್ವಯಂಚಾಲಿತ ಪರೀಕ್ಷೆಗಿರುವ ಲಿನಾರೋದ ಲಾವಾ ವ್ಯವಸ್ಥೆಯೊಂದಿಗೆ ಬಳಕೆಗೆ ಬಂದ ಪಿಡಿಯುಡೀಮನ್ ಎಂಬ ತಂತ್ರಾಂಶ ಹುಟ್ಟಿದ್ದೇ ಈ ಅಗತ್ಯಕ್ಕೆ. ಚಿಪ್ ವಿನ್ಯಾಸದ ಕೆಲಸ ದಟ್ಟವಾಗಿರುವ ಬೆಂಗಳೂರಿನ ಲ್ಯಾಬುಗಳವರಿಗೆ ಒಂದು ಲೆಕ್ಕ ಹೇಳಬೇಕು. ಸಾಮಾನ್ಯ ಪವರ್ ರಿಲೇಗೆ ಪೂರ್ಣ ಲೋಡಿನಲ್ಲಿ ಒಂದು ಲಕ್ಷ ಸಲದ ಆಸುಪಾಸಿನ ಆಯುಷ್ಯ. ದಿನಕ್ಕೆ 200 ಸಲ ಆರಿಸಿ ಹೊತ್ತಿಸಿದರೆ ಅದು 500 ದಿನದ ಮಾತು. ಬೋರ್ಡು ಎಳೆಯುವ ಕರೆಂಟು ಕಡಿಮೆಯಾದ್ದರಿಂದ ಇನ್ನಷ್ಟು ಬಾಳುತ್ತದೆ ನಿಜ. ಆದರೂ ರಿಲೇ ಸವೆಯುವ ವಸ್ತು ಎಂದೇ ಲೆಕ್ಕ ಹಿಡಿದು, ಬದಲಿಗೊಂದು ಪಟ್ಟಿ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಇವೆಲ್ಲಕ್ಕಿಂತ ಗಟ್ಟಿಯಾದ ಕಾರಣ ಕ್ಲಸ್ಟರುಗಳದ್ದು. ಒಂದೇ ಡಿಸ್ಕ್ ಹಂಚಿಕೊಂಡ ಎರಡು ಸರ್ವರ್‌ಗಳ ನಡುವಿನ ಸಂಪರ್ಕ ಕಡಿದಾಗ, ಎರಡೂ ‘ಇನ್ನೊಂದು ಸತ್ತಿದೆ, ಇನ್ನು ನಾನೇ ಯಜಮಾನ’ ಎಂದುಕೊಂಡು ಡಿಸ್ಕಿಗೆ ಬರೆಯಲು ಹೊರಟರೆ ಡೇಟಾ ಛಿದ್ರವಾಗುತ್ತದೆ. ಅದನ್ನು ತಡೆಯಲು, ಅನುಮಾನ ಬಂದ ನೋಡನ್ನು, ಅಂದರೆ ಕ್ಲಸ್ಟರಿನ ಆ ಸರ್ವರನ್ನು, ಮೊದಲು ಖಚಿತವಾಗಿ ಆರಿಸಿ ಆಮೇಲೆ ಮುಂದುವರಿಯಬೇಕೆಂಬುದು ನಿಯಮ. ಈ ಬೇಲಿ ಹಾಕುವ ಕೆಲಸಕ್ಕೆ ಫೆನ್ಸಿಂಗ್ ಎನ್ನುತ್ತಾರೆ. ಬಿಎಂಸಿಯೊಂದನ್ನೇ ನಂಬಿದರೆ ಇಲ್ಲೊಂದು ತೂತು ಉಳಿಯುತ್ತದೆ. ನೋಡಿಗೆ ಕರೆಂಟೇ ಹೋಗಿದ್ದರೆ ಬಿಎಂಸಿಯೂ ಸತ್ತಿರುತ್ತದೆ; ಆರಿಸು ಎಂದರೆ ಉತ್ತರ ಬರುವುದಿಲ್ಲ; ಉತ್ತರವಿಲ್ಲದೆ ಕ್ಲಸ್ಟರ್ ಮುಂದೆ ಹೆಜ್ಜೆಯಿಡುವುದಿಲ್ಲ. ಪಿಡಿಯು ಸರ್ವರಿನ ಹೊರಗಿರುವುದರಿಂದ ‘ಹೌದು, ಆ ಔಟ್‌ಲೆಟ್ ಆರಿದೆ’ ಎಂದು ಖಾತರಿ ಕೊಡಬಲ್ಲದು.

ಆದರೆ ಸರ್ವರಿಗೆ ಎರಡು ಪವರ್ ಸಪ್ಲೈ ಇದ್ದು, ಒಂದು ಎ ಪಟ್ಟಿಗೂ ಇನ್ನೊಂದು ಬಿ ಪಟ್ಟಿಗೂ ಸೇರಿದ್ದರೆ ಎಚ್ಚರ ಬೇಕು. ಎ ಔಟ್‌ಲೆಟ್ಟನ್ನು ರೀಬೂಟ್ ಮಾಡಿ, ಅದು ಹೊತ್ತಿದ ಮೇಲೆ ಬಿ ಔಟ್‌ಲೆಟ್ಟನ್ನು ರೀಬೂಟ್ ಮಾಡಿದರೆ ಯಂತ್ರ ಒಂದು ಕ್ಷಣವೂ ಆರಿರುವುದಿಲ್ಲ. ಎರಡು ಆಜ್ಞೆಯೂ ‘ಯಶಸ್ವಿ’ ಎಂದು ವರದಿಯಾಗುತ್ತದೆ, ನೋಡು ಮಾತ್ರ ಬರೆಯುತ್ತಲೇ ಇರುತ್ತದೆ. ಎ ಆರಿಸು, ಬಿ ಆರಿಸು, ಎರಡೂ ಆರಿದ್ದು ಖಾತ್ರಿಯಾದ ಮೇಲೆ ಎ ಹೊತ್ತಿಸು, ಬಿ ಹೊತ್ತಿಸು ಎಂಬ ಕ್ರಮವೇ ಆಗಬೇಕು. ಎರಡು ಸಾಧನವನ್ನೂ ಒಂದೇ ಫೆನ್ಸಿಂಗ್ ಹಂತಕ್ಕೆ ಸೇರಿಸಿದರೆ ಕ್ಲಸ್ಟರ್ ತಂತ್ರಾಂಶವಾದ ಪೇಸ್‌ಮೇಕರ್‌ನ ಈಚಿನ ಆವೃತ್ತಿಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ. ಕೈಯಲ್ಲಿ ಸ್ಕ್ರಿಪ್ಟ್ ಬರೆಯುವವರು ನೆನಪಿಟ್ಟುಕೊಳ್ಳಬೇಕು. ಕೊಳ್ಳುವಾಗಲೂ ಇದರ ಅರ್ಥ ಸ್ಪಷ್ಟ: ಎರಡು ಪಟ್ಟಿಯಲ್ಲಿ ಒಂದನ್ನು ಮಾತ್ರ ಸ್ವಿಚ್ಡ್ ಮಾದರಿ ತಂದು ಇನ್ನೊಂದರಲ್ಲಿ ದುಡ್ಡುಳಿಸಿದರೆ, ಕಟ್ಟಿದ ಬೇಲಿಯ ಅರ್ಧ ತೆರೆದೇ ಇರುತ್ತದೆ.

ಮಾದರಿಗಳ ವಿಂಗಡಣೆ ಸರಳವಾಗಿದೆ. ಬರೀ ವಿದ್ಯುತ್ ಹಂಚುವುದು ಬೇಸಿಕ್. ಪಟ್ಟಿಗೆ ಬರುವ ಒಟ್ಟು ಕರೆಂಟನ್ನು ಅಳೆದು ನೆಟ್‌ವರ್ಕಿನಲ್ಲಿ ಹೇಳುವುದು ಮೀಟರ್ಡ್. ಔಟ್‌ಲೆಟ್ ಒಂದೊಂದನ್ನೂ ಆರಿಸಿ ಹೊತ್ತಿಸುವುದು ಸ್ವಿಚ್ಡ್. ಔಟ್‌ಲೆಟ್ ಒಂದೊಂದರ ಬಳಕೆಯನ್ನೂ ಅಳೆಯುವುದು ಇನ್ನೊಂದು ಬಗೆ, ಅಳತೆ ಮತ್ತು ಸ್ವಿಚ್ಚು ಎರಡೂ ಕೂಡಿರುವುದು ಎಲ್ಲಕ್ಕಿಂತ ತುಟ್ಟಿ. ಅಳತೆಯ ಸಾಮರ್ಥ್ಯವನ್ನು ಕೊಳ್ಳುವವರು ಕಡೆಗಣಿಸುವುದು ನನಗೆ ಬೇಸರದ ಸಂಗತಿ. ಪರೀಕ್ಷಾ ಲ್ಯಾಬುಗಳನ್ನು ಬಿಟ್ಟರೆ ರಿಲೇಯನ್ನು ವರ್ಷಕ್ಕೆ ನಾಲ್ಕು ಸಲ ಬಳಸಿದರೆ ಹೆಚ್ಚು. ಅಳತೆ ಪ್ರತಿ ನಿಮಿಷವೂ ಕೆಲಸಕ್ಕೆ ಬರುತ್ತದೆ. ಯಾವ ಸರ್ವರು ಕೆಲಸವಿಲ್ಲದೆ ಕರೆಂಟು ತಿನ್ನುತ್ತಿದೆ, ಯಾವುದರ ಒಂದು ಪವರ್ ಸಪ್ಲೈ ಸದ್ದಿಲ್ಲದೆ ಸತ್ತು ಲೋಡೆಲ್ಲ ಇನ್ನೊಂದರ ಮೇಲೆ ಬಿದ್ದಿದೆ ಎಂಬುದು ಈ ಅಂಕಿಗಳಲ್ಲಿ ಕಾಣುತ್ತದೆ. ಬಾಡಿಗೆದಾರರಿಗೆ ಬಿಲ್ ಮಾಡುವವರು ಶೇಕಡಾ 1ರೊಳಗಿನ ನಿಖರತೆ ಕೇಳಬೇಕು. ಆಂಪಿಯರ್ ಅಳೆದು 230ರಿಂದ ಗುಣಿಸಿ ವ್ಯಾಟ್ ಎಂದು ತೋರಿಸುವ ಅಗ್ಗದ ಪಟ್ಟಿಗಳೂ ಇವೆ, ಅವು ಪವರ್ ಫ್ಯಾಕ್ಟರನ್ನು ಮರೆತಿರುತ್ತವೆ.

ಈಗ ರಿಲೇಯ ಒಳಗೆ ಸ್ವಲ್ಪ ಇಣುಕೋಣ, ಈ ಸಾಧನದ ಗುಣ ಅವಗುಣ ನಿಂತಿರುವುದು ಅಲ್ಲೇ. ಸಾಮಾನ್ಯ ರಿಲೇಯ ಸಂಪರ್ಕ ಮುಚ್ಚಿರಬೇಕಾದರೆ ಅದರ ಕಾಯಿಲಿಗೆ ಸದಾ ಕರೆಂಟು ಹರಿಯುತ್ತಿರಬೇಕು. 16 ಆಂಪಿಯರ್ ರಿಲೇಯ ಕಾಯಿಲು ಸುಮಾರು 0.4 ವ್ಯಾಟ್ ಬೇಡುತ್ತದೆ. 36 ಔಟ್‌ಲೆಟ್ಟಿನ ಪಟ್ಟಿಯಲ್ಲಿ ಅದು 14 ವ್ಯಾಟ್ ದಾಟುತ್ತದೆ, ವರ್ಷಕ್ಕೆ 126 ಯೂನಿಟ್. ಯೂನಿಟ್ಟಿನ ಖರ್ಚಿಗಿಂತ ದೊಡ್ಡ ಅಪಾಯವೆಂದರೆ, ನಿಯಂತ್ರಕ ಬೋರ್ಡಿನ ಪುಟ್ಟ ಪವರ್ ಸಪ್ಲೈ ಸುಟ್ಟರೆ 36 ರಿಲೇಗಳೂ ಒಟ್ಟಿಗೆ ಬಿಟ್ಟುಕೊಂಡು, ಏನೂ ಕೆಡದ ಸರ್ವರ್‌ಗಳೆಲ್ಲ ಆರಿಹೋಗುತ್ತವೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಕರೆಂಟಿಲ್ಲದಾಗ ತಾನಾಗಿಯೇ ಮುಚ್ಚಿರುವ ರಿಲೇ. ಇನ್ನೊಂದು ಲ್ಯಾಚಿಂಗ್ ರಿಲೇ. ಸ್ಥಿತಿ ಬದಲಿಸುವ ಕ್ಷಣಕ್ಕಷ್ಟೇ ವಿದ್ಯುತ್ತು ಬೇಡಿ, ಆಮೇಲೆ ಇದ್ದ ಹಾಗೇ ಇರುತ್ತದೆ. ನಿಯಂತ್ರಕ ರೀಬೂಟ್ ಆಗಲಿ, ಫರ್ಮ್‌ವೇರ್ ಅಪ್‌ಡೇಟ್ ನಡೆಯಲಿ, ಬೋರ್ಡು ಸುಟ್ಟೇ ಹೋಗಲಿ, ಔಟ್‌ಲೆಟ್ಟುಗಳು ಅಲುಗುವುದಿಲ್ಲ.

ಲ್ಯಾಚಿಂಗ್ ರಿಲೇಗೂ ಒಂದು ಮಿತಿಯಿದೆ. ಕಟ್ಟಡದ ಕರೆಂಟು ಹೋಗಿ ಬಂದಾಗ ಅದು ಮುಚ್ಚಿದ ಸ್ಥಿತಿಯಲ್ಲೇ ಇರುವುದರಿಂದ ರ‍್ಯಾಕಿನ ಎಲ್ಲ ಯಂತ್ರಕ್ಕೂ ಒಂದೇ ಕ್ಷಣದಲ್ಲಿ ವಿದ್ಯುತ್ತು ನುಗ್ಗುತ್ತದೆ. ಸರ್ವರ್ ಪವರ್ ಸಪ್ಲೈ ತನ್ನ ಕೆಪಾಸಿಟರ್ ತುಂಬಿಸಿಕೊಳ್ಳುವಾಗ ಕೆಲವು ಮಿಲಿಸೆಕೆಂಡು ಎಳೆಯುವ ಕರೆಂಟು 30 ಆಂಪಿಯರನ್ನೂ ಮೀರಬಹುದು. ಇಂಥ ಇಪ್ಪತ್ತು ಸಪ್ಲೈಗಳು ಒಟ್ಟಿಗೆ ಎಳೆದರೆ ಬ್ರೇಕರ್ ಬಿದ್ದುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆದ್ದರಿಂದಲೇ ಔಟ್‌ಲೆಟ್ಟುಗಳನ್ನು ಒಂದರ ಹಿಂದೊಂದು, ನಡುವೆ ಬಿಡುವು ಕೊಟ್ಟು ಹೊತ್ತಿಸುವ ಸೌಲಭ್ಯವಿರುವುದು: ಮೊದಲು ನೆಟ್‌ವರ್ಕ್ ಸ್ವಿಚ್ಚು, ಆಮೇಲೆ ಸ್ಟೋರೇಜು, ಕೊನೆಗೆ ಸರ್ವರ್‌ಗಳು. ಕರೆಂಟು ಹೋದೊಡನೆ ರಿಲೇಗಳನ್ನು ತೆರೆದುಬಿಡಬೇಕೋ, ಇದ್ದ ಹಾಗೇ ಬಿಡಬೇಕೋ ಎಂದು ಆರಿಸಿಕೊಳ್ಳಲು ಕೆಲವು ತಯಾರಕರು ಅವಕಾಶ ಕೊಟ್ಟಿದ್ದಾರೆ. ಬೇಕಾದದ್ದು ಅಂಥದ್ದು. ಕರೆಂಟು ಮರಳಿ ಬರುವ ಗಳಿಗೆ ಎಷ್ಟು ಅಪಾಯದ್ದು ಎಂಬುದನ್ನು ಬ್ರಿಟಿಷ್ ಏರ್‌ವೇಸ್ 2017ರ ಮೇ 27ರಂದು ಕಂಡಿತು. ಡೇಟಾ ಸೆಂಟರಿನ ವಿದ್ಯುತ್ತು ತಪ್ಪಿದ್ದು ಒಂದು ತೊಂದರೆ, ಆಮೇಲೆ ಅದು ಹತೋಟಿಯಿಲ್ಲದೆ ಮರಳಿದ್ದು ಅದಕ್ಕಿಂತ ದೊಡ್ಡ ತೊಂದರೆ ಎಂದು ಮಾತೃಸಂಸ್ಥೆ ಐಎಜಿಯ ಮುಖ್ಯಸ್ಥ ವಿಲ್ಲಿ ವಾಲ್ಶ್ ವಿವರಿಸಿದ್ದರು. ಸುಮಾರು 75,000 ಪ್ರಯಾಣಿಕರು ಆ ವಾರಾಂತ್ಯ ದಾರಿಗಾಣದೆ ಉಳಿದರು. ಅದು ರ‍್ಯಾಕಿನ ಪಟ್ಟಿಗಿಂತ ಬಹಳ ಮೇಲಿನ ಹಂತದ ಘಟನೆ, ಆದರೆ ಪಾಠ ಎರಡಕ್ಕೂ ಹೊಂದುತ್ತದೆ.

ರೀಬೂಟ್ ಆಜ್ಞೆಯ ಸಣ್ಣ ವಿವರವೊಂದು ಬಹಳ ಜನರನ್ನು ಕಾಡುತ್ತದೆ. ಎಪಿಸಿ ಕಂಪನಿಯ ಪಟ್ಟಿಗಳಲ್ಲಿ ನೆಟ್‌ವರ್ಕ್ ನಿರ್ವಹಣಾ ಪ್ರೋಟೊಕಾಲ್ ಆದ ಎಸ್‌ಎನ್‌ಎಂಪಿ ಮೂಲಕ ಔಟ್‌ಲೆಟ್ಟಿನ ಆಜ್ಞೆಯ ಜಾಗಕ್ಕೆ 1 ಬರೆದರೆ ಹೊತ್ತುತ್ತದೆ, 2 ಬರೆದರೆ ಆರುತ್ತದೆ, 3 ಬರೆದರೆ ಆರಿ ಹೊತ್ತುತ್ತದೆ. ಆ 3ರ ನಡುವಿನ ಬಿಡುವು ಎಷ್ಟು ಸೆಕೆಂಡು ಎಂಬುದು ಪ್ರತ್ಯೇಕ ಸೆಟ್ಟಿಂಗ್. ಬಿಡುವು ತೀರಾ ಚಿಕ್ಕದಾದರೆ ಪವರ್ ಸಪ್ಲೈಯ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಸ್ಟ್ಯಾಂಡ್‌ಬೈ ವೋಲ್ಟೇಜು ಇಳಿಯುವುದೇ ಇಲ್ಲ, ಹೆಪ್ಪುಗಟ್ಟಿದ ಬಿಎಂಸಿ ಹಾಗೇ ಉಳಿಯುತ್ತದೆ. 15ರಿಂದ 30 ಸೆಕೆಂಡು ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ಸೆಟ್ಟಿಂಗ್ ಸರ್ವರಿನ ಬಯಾಸ್‌ನಲ್ಲಿದೆ: ಕರೆಂಟು ಮರಳಿದಾಗ ಹೊತ್ತಬೇಕೋ, ಆರಿಯೇ ಇರಬೇಕೋ, ಹಿಂದಿನ ಸ್ಥಿತಿಗೆ ಹೋಗಬೇಕೋ ಎಂಬುದು. ಅದು ‘ಆರಿಯೇ ಇರು’ ಎಂದಿದ್ದರೆ ಪಿಡಿಯು ತನ್ನ ಕೆಲಸ ಮಾಡಿ ಮುಗಿಸಿದರೂ ಯಂತ್ರ ಏಳುವುದಿಲ್ಲ.

ವಿದ್ಯುತ್ತಿನ ಲೆಕ್ಕಕ್ಕೆ ಬಂದರೆ, ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ್ದು. ಅಲ್ಲಿಯ ಡೇಟಾ ಸೆಂಟರುಗಳಲ್ಲಿ ಸಾಮಾನ್ಯವಾಗಿ 208 ವೋಲ್ಟು, ನಿರಂತರ ಲೋಡಿಗೆ ಬ್ರೇಕರಿನ ಶೇಕಡಾ 80 ಮಾತ್ರ ಬಳಸಬೇಕೆಂಬ ವಿದ್ಯುತ್ ಕೋಡು. ಹಾಗಾಗಿ 30 ಆಂಪಿಯರ್ ಪಟ್ಟಿಯಿಂದ 24 ಆಂಪಿಯರಷ್ಟೇ ಸಿಗುತ್ತದೆ, ಅಂದರೆ ಸಿಂಗಲ್ ಫೇಸಿನಲ್ಲಿ 5 ಕಿಲೊವೋಲ್ಟ್‌ಆಂಪಿಯರ್. ನಮ್ಮಲ್ಲಿ, ಯುರೋಪಿನಲ್ಲಿ 230 ವೋಲ್ಟು. 16 ಆಂಪಿಯರ್ ಪಟ್ಟಿ 3.7, 32 ಆಂಪಿಯರ್ ಪಟ್ಟಿ 7.4, ತ್ರೀ ಫೇಸ್ 32 ಆಂಪಿಯರ್ ಪಟ್ಟಿ 22 ಕಿಲೊವೋಲ್ಟ್‌ಆಂಪಿಯರ್ ಹೊರುತ್ತದೆ. ಕೋಡು ಕಡ್ಡಾಯ ಮಾಡದ ಕಡೆಯೂ ಐದರಲ್ಲೊಂದು ಭಾಗ ಬಿಟ್ಟುಕೊಳ್ಳುವ ಅಭ್ಯಾಸ ಒಳ್ಳೆಯದೇ.

ಎರಡು ಪಟ್ಟಿ ಹಾಕಿದೊಡನೆ ಸಾಮರ್ಥ್ಯ ಇಮ್ಮಡಿಯಾಯಿತು ಎಂದುಕೊಳ್ಳುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಎ ಪಟ್ಟಿ ಹೋದ ಕ್ಷಣ ಅದರ ಲೋಡೆಲ್ಲ ಬಿ ಪಟ್ಟಿಗೆ ಬರುತ್ತದೆ. ಆದ್ದರಿಂದ ಎರಡರ ಒಟ್ಟು ಒಂದೇ ಪಟ್ಟಿಯ ಮಿತಿಯೊಳಗಿರಬೇಕು. 32 ಆಂಪಿಯರಿನ ಜೋಡಿಯಲ್ಲಿ ಒಂದೊಂದೂ ದಿನನಿತ್ಯ 12-13 ಆಂಪಿಯರ್ ದಾಟಬಾರದು. ಸರ್ವರೊಂದು ದುಡಿಯುವಾಗ 450 ವ್ಯಾಟ್ ತಿನ್ನುವುದಾದರೆ ಅಂಥವು 13 ಹಿಡಿಸುತ್ತವೆ, 16 ಹಿಡಿಸುವುದಿಲ್ಲ. ದೊಡ್ಡ ಪಟ್ಟಿಗಳ ಒಳಗೆ ಔಟ್‌ಲೆಟ್ಟುಗಳನ್ನು ಬ್ಯಾಂಕುಗಳಾಗಿ ವಿಂಗಡಿಸಿ ಪ್ರತಿ ಬ್ಯಾಂಕಿಗೂ 16 ಆಂಪಿಯರಿನ ಬ್ರೇಕರ್ ಇಟ್ಟಿರುತ್ತಾರೆ. ಒಟ್ಟು ಲೋಡು 20 ಇದ್ದರೂ ಅದರಲ್ಲಿ 17 ಒಂದೇ ಬ್ಯಾಂಕಿನಲ್ಲಿ ಕೂತಿದ್ದರೆ ಆ ಬ್ಯಾಂಕು ಬೀಳುತ್ತದೆ. ಬ್ಯಾಂಕುವಾರು ಅಂಕಿ ತೋರಿಸದ ಪಟ್ಟಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಬ್ರೇಕರಿನ ಜಾತಿಯನ್ನೂ ಕೇಳಿ: ಥರ್ಮಲ್ ಬ್ರೇಕರ್ ಸುತ್ತಲಿನ ಬಿಸಿಗೆ ಬೇಗ ಬೀಳುತ್ತದೆ, ಹೈಡ್ರಾಲಿಕ್ ಮ್ಯಾಗ್ನೆಟಿಕ್ ಬ್ರೇಕರಿಗೆ ಬಿಸಿಯ ಚಿಂತೆ ಕಡಿಮೆ.

ನಮ್ಮ ಕಚೇರಿಗಳ ಸರ್ವರ್ ಕೋಣೆಗಳಿಗೆ ಸೇರಿದ ಎರಡು ತೊಂದರೆಗಳನ್ನು ಪಾಶ್ಚಾತ್ಯ ಕೈಪಿಡಿಗಳು ಅಷ್ಟಾಗಿ ಮುಟ್ಟುವುದಿಲ್ಲ. ಮೊದಲನೆಯದು, ಜನರ ಸುರಕ್ಷತೆಗೆಂದು ಹಾಕಿದ, ಸೋರಿಕೆ ಕಂಡರೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸರ್ವರ್ ಪವರ್ ಸಪ್ಲೈಗಳ ಫಿಲ್ಟರಿನಿಂದ ಅರ್ಥಿಂಗಿಗೆ ಸಹಜವಾಗಿಯೇ ಅಷ್ಟಿಷ್ಟು ಕರೆಂಟು ಸೋರುತ್ತದೆ. ಮಾನದಂಡವೇ ಸಾಮಾನ್ಯ ಪ್ಲಗ್ಗಿನ ಉಪಕರಣವೊಂದಕ್ಕೆ 3.5 ಮಿಲಿಆಂಪಿಯರ್ ತನಕ ಒಪ್ಪುತ್ತದೆ. ಒಂದೊಂದೂ 1 ಸೋರಿದರೂ ಇಪ್ಪತ್ತು ಸಪ್ಲೈಗೆ 20 ಆಯಿತು. ಆರ್‌ಸಿಸಿಬಿಗೆ ತನ್ನ ಅಂಕಿಯ ಅರ್ಧ, ಅಂದರೆ 15 ದಾಟಿದ ಮೇಲೆ ಬೀಳುವ ಹಕ್ಕಿದೆ. ಕಾರಣ ಗೊತ್ತಾಗದೆ ಪದೇ ಪದೇ ಟ್ರಿಪ್ ಆಗುವ ಕೋಣೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಸೋರಿಕೆಯನ್ನು ಅಳೆದು ಎಚ್ಚರಿಸುವ ಪಿಡಿಯುಗಳು ಬಂದಿವೆ, ಆದರೆ ರ‍್ಯಾಕಿಗೆಂದೇ ಬೇರೆ ಲೈನು ಎಳೆಸುವುದು ಮೂಲ ಪರಿಹಾರ. ಎರಡನೆಯದು ನ್ಯೂಟ್ರಲ್ ಕಡಿತ. ತ್ರೀ ಫೇಸ್ ಪಟ್ಟಿಗೆ ಬರುವ ನ್ಯೂಟ್ರಲ್ ಎಲ್ಲೋ ಸಡಿಲಗೊಂಡರೆ ಒಂದು ಫೇಸಿನ ವೋಲ್ಟೇಜು ಕುಸಿದು ಇನ್ನೊಂದರದ್ದು 400ರ ಹತ್ತಿರಕ್ಕೂ ಏರಬಹುದು. ಪಿಡಿಯು ಇದನ್ನು ತಡೆಯದು. ಪ್ರತಿ ಫೇಸಿನ ವೋಲ್ಟೇಜು ಅಳೆದು ಮಿತಿ ಮೀರಿದಾಗ ಕೂಗಿ ಹೇಳಿದರೆ ಅಷ್ಟರಮಟ್ಟಿಗೆ ಉಪಕಾರ.

ಸಾಕೆಟ್ಟುಗಳ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಸರ್ವರ್‌ಗಳಿಗೆ ಐಇಸಿ 60320 ಗುಂಪಿನ ಸಿ13 ಸಾಕು, 10 ಆಂಪಿಯರ್. ಬ್ಲೇಡ್ ಶಾಸಿ, ಜಿಪಿಯು ಯಂತ್ರ, ದೊಡ್ಡ ಸ್ವಿಚ್ಚುಗಳಿಗೆ ಸಿ19, 16 ಆಂಪಿಯರ್. ಐದು ವರ್ಷದ ಆಮೇಲೆ ರ‍್ಯಾಕಿನಲ್ಲಿ ಏನಿರುತ್ತದೆಂದು ಊಹಿಸಲಾಗದವರಿಗೆ ಎರಡನ್ನೂ ಸ್ವೀಕರಿಸುವ ಜಂಟಿ ಸಾಕೆಟ್ಟಿನ ಪಟ್ಟಿಗಳು ಬಂದಿವೆ. ಸಿ13 ಪ್ಲಗ್ಗು ಸುಲಭವಾಗಿ ಸಡಿಲಾಗುತ್ತದೆ. ಪಕ್ಕದ ಕೇಬಲ್ ಎಳೆಯುವಾಗ ತಗುಲಿದರೂ ಸಾಕು. ಬೀಗವಿರುವ ಕೇಬಲ್ಲುಗಳಿಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ. ಪಟ್ಟಿ ಕೂರುವುದು ಸರ್ವರ್‌ಗಳು ಬಿಸಿಗಾಳಿ ಉಗುಳುವ ಹಿಂಬದಿಯಲ್ಲಿ. ಮುಂದೆ 25 ಡಿಗ್ರಿ ಇದ್ದರೂ ಹಿಂದೆ 45 ಮುಟ್ಟಬಹುದು. ಆದ್ದರಿಂದ 60 ಡಿಗ್ರಿಗೆ ಪ್ರಮಾಣೀಕರಿಸಿದ್ದನ್ನೇ ಆರಿಸಿ. ಉದ್ದದ ಪಟ್ಟಿ ತರಿಸುವ ಮುನ್ನ ರ‍್ಯಾಕಿನ ಹಿಂಬಾಗಿಲಿಗೂ ಸರ್ವರಿನ ಬೆನ್ನಿಗೂ ನಡುವಿನ ಜಾಗವನ್ನು ಟೇಪು ಹಿಡಿದು ಅಳೆಯಿರಿ. ಪಟ್ಟಿ ಅಡ್ಡ ಬಂದು ಕೆಟ್ಟ ಪವರ್ ಸಪ್ಲೈಯನ್ನು ಹೊರಗೆಳೆಯಲಾಗದ ರ‍್ಯಾಕುಗಳು ಇದ್ದಾವೆ.

ನೆಟ್‌ವರ್ಕಿನ ಕಡೆ ಇನ್ನಷ್ಟು ನಿಲ್ಲಬೇಕು, ಏಕೆಂದರೆ ಕರೆಂಟು ಕಡಿಯುವ ಅಧಿಕಾರವಿರುವ ಕಂಪ್ಯೂಟರು ಇದು. ಇದರ ಭದ್ರತೆಯ ಇತಿಹಾಸ ಸಮಾಧಾನ ತರುವಂಥದ್ದಲ್ಲ. 2020ರ ಜೂನ್‌ನಲ್ಲಿ ಜೆಎಸ್‌ಒಎಫ್ ಸಂಸ್ಥೆ ರಿಪ್ಪಲ್20 ಎಂಬ ಹೆಸರಿನಲ್ಲಿ ಟ್ರೆಕ್ ಕಂಪನಿಯ ಟಿಸಿಪಿ/ಐಪಿ ತಂತ್ರಾಂಶದ 19 ದೋಷಗಳನ್ನು ಬಯಲು ಮಾಡಿತು. ಎಪಿಸಿಯ ನೆಟ್‌ವರ್ಕ್ ಕಾರ್ಡುಗಳೂ ಅದರ ವ್ಯಾಪ್ತಿಯಲ್ಲಿದ್ದವು. 2022ರ ಸೆಪ್ಟೆಂಬರಿನಲ್ಲಿ ಕ್ಲಾರೊಟಿಯ ಸಂಶೋಧಕರು ಡೇಟಾಪ್ರೋಬ್‌ನ ಐಬೂಟ್ ಪಿಡಿಯುವಿನಲ್ಲಿ 7 ದೋಷಗಳನ್ನು ತೋರಿಸಿದರು. ಫೈರ್‌ವಾಲಿನ ಹಿಂದೆ ಅವಿತಿದ್ದ ಪಟ್ಟಿಯನ್ನೂ ತಯಾರಕರ ಕ್ಲೌಡ್ ಸೇವೆಯ ದಾರಿಯಿಂದ ತಲುಪಬಹುದಿತ್ತು. 2023ರ ಆಗಸ್ಟಿನಲ್ಲಿ ಭದ್ರತಾ ಕಂಪನಿ ಟ್ರೆಲಿಕ್ಸ್‌ನವರು ಅದೇ ಐಬೂಟ್‌ನಲ್ಲಿ ಮತ್ತೆ 5, ಸೈಬರ್‌ಪವರ್‌ನ ನಿರ್ವಹಣಾ ತಂತ್ರಾಂಶದಲ್ಲಿ 4 ದೋಷ ಹುಡುಕಿದರು. ಒಂದೊಂದು ಬ್ರ್ಯಾಂಡನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಪಿಡಿಯುವನ್ನು ಕೊಂಡವರು ಹತ್ತು ವರ್ಷ ಬಳಸುತ್ತಾರೆ, ಫರ್ಮ್‌ವೇರನ್ನು ಮಾತ್ರ ಕೊಂಡ ದಿನದ್ದೇ ಉಳಿಸಿಕೊಳ್ಳುತ್ತಾರೆ. ಔಟ್‌ಲೆಟ್ ಅಲುಗದಂತೆ ಅಪ್‌ಡೇಟ್ ಮಾಡಬಹುದೇ ಎಂಬ ಮೇಲಿನ ರಿಲೇ ಪ್ರಶ್ನೆ ಇಲ್ಲಿ ಭದ್ರತೆಯ ಪ್ರಶ್ನೆಯೂ ಆಗುತ್ತದೆ. ಆರಿಹೋದೀತು ಎಂಬ ಹೆದರಿಕೆಯಿರುವ ಪಟ್ಟಿಗೆ ಯಾರೂ ಅಪ್‌ಡೇಟ್ ಹಾಕುವುದಿಲ್ಲ.

ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿ ಗುಪ್ತಪದವೆಂಬುದು ಬರೀ ಬಯಲು ಅಕ್ಷರ, ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಹುಟ್ಟುಹೆಸರಿನಲ್ಲೇ ಎಷ್ಟೋ ಕಡೆ ಉಳಿದಿರುತ್ತದೆ. ಅದನ್ನು ಮುಚ್ಚಿ ಮೂರನೆಯ ಆವೃತ್ತಿಯನ್ನು ಬಳಸಬೇಕು. ಟೆಲ್ನೆಟ್ ಮುಚ್ಚಬೇಕು. ಪಿಡಿಯು, ಬಿಎಂಸಿ, ಕನ್ಸೋಲ್ ಸರ್ವರ್ ಇವುಗಳನ್ನು ಮಾಮೂಲಿ ಟ್ರಾಫಿಕ್ ಓಡುವ ನೆಟ್‌ವರ್ಕಿನಿಂದ ಬೇರೆ ಇಟ್ಟು, ಅದಕ್ಕೆ ಬೇರೆಯದೇ ಇಂಟರ್‌ನೆಟ್ ಸಂಪರ್ಕ ಕೊಡಬೇಕು. ಸಣ್ಣ ಜಾಗಕ್ಕೆ 4ಜಿ ಮೋಡೆಮ್ಮಾದರೂ ಸಾಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ಜಗತ್ತಿನಿಂದ ಮರೆಯಾದಾಗ, ಅಂಥ ಪರ್ಯಾಯ ನೆಟ್‌ವರ್ಕೂ ಜೊತೆಗೇ ಸತ್ತಿತ್ತು ಎಂದು ಆ ಕಂಪನಿಯೇ ಬರೆದುಕೊಂಡಿದೆ. ಎಂಜಿನಿಯರುಗಳನ್ನು ಡೇಟಾ ಸೆಂಟರಿಗೇ ಕಳಿಸಬೇಕಾಯಿತು. ಸಣ್ಣ ಮಟ್ಟದಲ್ಲಿ ಇದೇ ತಪ್ಪು ದಿನವೂ ನಡೆಯುತ್ತದೆ: ಪಿಡಿಯುವಿನ ಈಥರ್ನೆಟ್ ವೈರು ಹೋಗುವುದು ಒಂದು ಸ್ವಿಚ್ಚಿಗೆ, ಆ ಸ್ವಿಚ್ಚಿಗೆ ಕರೆಂಟು ಬರುವುದು ಅದೇ ಪಿಡಿಯುವಿನಿಂದ. ಆ ಔಟ್‌ಲೆಟ್ಟನ್ನು ಒಮ್ಮೆ ‘ಆರಿಸು’ ಎಂದರೆ ‘ಹೊತ್ತಿಸು’ ಎಂದು ಹೇಳಲು ದಾರಿಯೇ ಉಳಿಯುವುದಿಲ್ಲ. ಅಂಥ ಔಟ್‌ಲೆಟ್ಟಿಗೆ ಬೀಗ ಹಾಕಿ, ಸ್ವಿಚ್ಚಾಗದಂತೆ ಮಾಡುವ ಸೌಲಭ್ಯವಿದೆಯೇ ಎಂದು ಕೇಳಿಕೊಳ್ಳಿ. ಎ ಫೀಡ್ ಸತ್ತಾಗ ಎ ಪಟ್ಟಿಯ ನಿಯಂತ್ರಕವೂ ಮೂಕವಾಗದಂತೆ, ಬಿ ಪಟ್ಟಿಯಿಂದ ಅದಕ್ಕೆ ವಿದ್ಯುತ್ತು ಹಂಚುವ ಏರ್ಪಾಡನ್ನೂ ಕೆಲವರು ಮಾಡಿದ್ದಾರೆ. ಏನಾಯಿತೆಂದು ಹೇಳಲು ಸತ್ತ ಕಡೆಯಲ್ಲೊಂದು ಬಾಯಿ ಉಳಿದಿರುವುದು ಬಹಳ ಬೆಲೆಯುಳ್ಳದ್ದು.

ತಂತ್ರಾಂಶದ ಬೆಂಬಲಕ್ಕೆ ಅಷ್ಟು ಚಿಂತೆ ಬೇಡ. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಪವರ್‌ಮ್ಯಾನ್, ಕೆನಾನಿಕಲ್‌ನ ಮಾಸ್, ಓಪನ್‌ಸ್ಟ್ಯಾಕ್‌ನ ಐರಾನಿಕ್ ಇವೆಲ್ಲ ಹೆಸರಾಂತ ಪಟ್ಟಿಗಳ ಜೊತೆ ಮಾತಾಡಬಲ್ಲವು. ತಮ್ಮ ತಂತ್ರಾಂಶದ ಬೆಂಬಲ ಪಟ್ಟಿಯನ್ನು ಮೊದಲು ನೋಡಿ ಆಮೇಲೆ ಬ್ರ್ಯಾಂಡ್ ಆರಿಸಿದರಾಯಿತು. ಬ್ರ್ಯಾಂಡುಗಳೂ ಈಗ ಕೆಲವೇ ಮನೆಗಳಿಗೆ ಸೇರಿಹೋಗಿವೆ. ಎಪಿಸಿಯನ್ನು 2007ರಲ್ಲಿ ಶ್ನೈಡರ್ ಕೊಂಡಿತು, ರಾರಿಟನ್ 2015ರಲ್ಲೂ ಸರ್ವರ್ ಟೆಕ್ನಾಲಜಿ 2017ರಲ್ಲೂ ಲೆಗ್ರಾಂಡ್ ಪಾಲಾದವು, ಗೈಸ್ಟ್ 2018ರಲ್ಲಿ ವರ್ಟಿವ್‌ಗೆ, ಟ್ರಿಪ್ ಲೈಟ್ 2021ರಲ್ಲಿ ಈಟನ್‌ಗೆ ಹೋಯಿತು. ಗೈಸ್ಟ್ ಪಟ್ಟಿಗಳಲ್ಲಿ ನನಗೆ ಹಿಡಿಸುವುದು ನಿಯಂತ್ರಕ ಭಾಗವನ್ನಷ್ಟೇ, ಲೋಡು ನಡೆಯುತ್ತಿರುವಾಗಲೇ ಬಿಚ್ಚಿ ಬದಲಿಸಬಹುದಾದ ರಚನೆ. ಮೊದಲು ಹಳತಾಗುವುದು ಆ ಕಂಪ್ಯೂಟರು, ತಾಮ್ರ ಮತ್ತು ಸಾಕೆಟ್ಟು ಎಷ್ಟೋ ವರ್ಷ ಬಾಳುತ್ತವೆ.

ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಎಪಿಸಿಯ 7900 ಸರಣಿಯ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಮನೆಯ ಲ್ಯಾಬಿಗೆ, ಕಾಲೇಜಿನ ಪ್ರಯೋಗಾಲಯಕ್ಕೆ ಅವು ಚೆನ್ನಾಗಿಯೇ ದುಡಿಯುತ್ತವೆ. ಅವುಗಳ ವೆಬ್ ಪುಟ ಬಳಸುವ ಗೂಢಲಿಪಿ ಹಳೆಯ ಕಾಲದ್ದು, ಈಗಿನ ಬ್ರೌಸರುಗಳು ಅದನ್ನು ತೆರೆಯಲು ಒಪ್ಪುವುದಿಲ್ಲ. ಅವನ್ನು ಪ್ರತ್ಯೇಕ ನೆಟ್‌ವರ್ಕಿನೊಳಗೇ ಇಟ್ಟು, ಮುಂದೆ ಸಣ್ಣದೊಂದು ಲಿನಕ್ಸ್ ಯಂತ್ರ ನಿಲ್ಲಿಸಿ ಅದರ ಮೂಲಕವೇ ಮಾತಾಡಿಸಬೇಕು. ಪ್ಲಗ್ಗು ಯಾವ ದೇಶದ್ದು, ವೋಲ್ಟೇಜು 120ರದ್ದೋ 230ರದ್ದೋ ಎಂದು ನೋಡದೆ ತರಿಸಬಾರದು. ಮನೆಯ ವೈಫೈ ಸ್ಮಾರ್ಟ್ ಪ್ಲಗ್ಗನ್ನು ಸರ್ವರಿಗೆ ಹಾಕುವವರಿದ್ದಾರೆ. ರೌಟರೇ ನಿಂತಾಗ ಅದು ಯಾರ ಮಾತನ್ನೂ ಕೇಳದು.

ತೀರಾ ದೊಡ್ಡವರ ಲೋಕ ಬೇರೆ ದಾರಿ ಹಿಡಿದಿದೆ. 2011ರಲ್ಲಿ ಶುರುವಾದ ಓಪನ್ ಕಂಪ್ಯೂಟ್ ಯೋಜನೆಯ ರ‍್ಯಾಕುಗಳಲ್ಲಿ ಪ್ರತಿ ಸರ್ವರಿಗೂ ಪವರ್ ಸಪ್ಲೈ, ಪ್ಲಗ್ಗು ಎಂಬುದೇ ಇಲ್ಲ. ರ‍್ಯಾಕಿನ ಬೆನ್ನುದ್ದಕ್ಕೂ ಓಡುವ ತಾಮ್ರದ ಬಸ್‌ಬಾರಿನಿಂದ ಡಿಸಿ ವಿದ್ಯುತ್ತು ಸಿಗುತ್ತದೆ, ಮೊದಲು 12 ವೋಲ್ಟು, ಈಗ 48. ಎನ್ವಿಡಿಯಾದ ಜಿಬಿ200 ಎನ್‌ವಿಎಲ್72 ರ‍್ಯಾಕೊಂದೇ ಸುಮಾರು 120 ಕಿಲೊವ್ಯಾಟ್ ಬೇಡುತ್ತದೆ. ಮೇಲೆ ಹೇಳಿದ 22 ಕಿಲೊವೋಲ್ಟ್‌ಆಂಪಿಯರಿನ ಪಟ್ಟಿಗಳು ಅಲ್ಲಿ ಯಾವ ಮೂಲೆಗೂ ಸಾಲವು. ಆದರೆ ಬ್ಯಾಂಕಿನ ಶಾಖೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಬಾಡಿಗೆಯ ಅರ್ಧ ರ‍್ಯಾಕಿನಲ್ಲಿ ಸೇವೆ ನಡೆಸುವ ಸಣ್ಣ ಕಂಪನಿ, ಇವರೆಲ್ಲ ಇನ್ನೂ ಬಹುಕಾಲ ಸಿ13 ಸಾಕೆಟ್ಟಿನಲ್ಲೇ ಬದುಕುತ್ತಾರೆ.

ಪಟ್ಟಿ ಕೈಸೇರಿದ ಮೇಲೆ, ಸರ್ವರ್ ಚುಚ್ಚುವ ಮುಂಚೆ, ಒಂದು ಮಧ್ಯಾಹ್ನವನ್ನು ಪರೀಕ್ಷೆಗೆ ಕೊಡಿ. ನಾಲ್ಕು ಬಲ್ಬು ಸಿಕ್ಕಿಸಿ ನಿಯಂತ್ರಕವನ್ನು ರೀಬೂಟ್ ಮಾಡಿ, ಬಲ್ಬು ಮಿಣುಕಿತೇ ನೋಡಿ. ಅವು ಉರಿಯುತ್ತಿರುವಾಗಲೇ ಫರ್ಮ್‌ವೇರ್ ಏರಿಸಿ. ಮುಖ್ಯ ವೈರು ಕಿತ್ತು ಹಾಕಿ, ಬಲ್ಬುಗಳು ನೀವು ಹೇಳಿದ ಕ್ರಮದಲ್ಲೇ, ಹೇಳಿದಷ್ಟು ಬಿಡುವು ಬಿಟ್ಟೇ ಹೊತ್ತುತ್ತವೆಯೇ ಗಮನಿಸಿ. ನೆಟ್‌ವರ್ಕ್ ವೈರು ತೆಗೆದು, ಸೀರಿಯಲ್ ಪೋರ್ಟಿನಿಂದಾದರೂ ಒಳಹೋಗಲಾಗುತ್ತದೆಯೇ ನೋಡಿ. ಆಮೇಲೆ ಪ್ರತಿ ಔಟ್‌ಲೆಟ್ಟಿಗೂ ಅದರಲ್ಲಿ ಚುಚ್ಚಲಿರುವ ಯಂತ್ರದ ಹೆಸರನ್ನು ತಂತ್ರಾಂಶದಲ್ಲೂ, ಕೇಬಲ್ಲಿನ ಎರಡೂ ತುದಿಯ ಚೀಟಿಯಲ್ಲೂ ಬರೆಯಿರಿ. ಎ ಕೇಬಲ್ಲು ಒಂದು ಬಣ್ಣ, ಬಿ ಇನ್ನೊಂದು ಬಣ್ಣ ಇರಲಿ. ಕೇಬಲ್ಲು ಜಾಗ ಬದಲಿಸಿದ ದಿನವೇ ಆ ಹೆಸರೂ ಬದಲಾಗಬೇಕು. 17ನೆಯ ಔಟ್‌ಲೆಟ್ಟಿಗೆ ಕಳೆದ ವರ್ಷದ ಸರ್ವರಿನ ಹೆಸರೇ ಉಳಿದಿದ್ದರೆ, ನಡುರಾತ್ರಿ ‘ಆರಿಸು’ ಎಂಬ ಆಜ್ಞೆ ಹೋಗಿ ಬೀಳುವುದು ಸರಿಯಾಗಿ ನಡೆಯುತ್ತಿರುವ ಡೇಟಾಬೇಸಿನ ಮೇಲೆ.